ಬಾದಾಮಿ ಬಣ್ಣದ ಓಢಣಿ

"ಇದೂ ಬ್ಯಾಡ," ಅಂದಳು ಅಫ್ರೀನ್.

ಕರಬಸಪ್ಪ ಬಿಡಿಸಿ ಹಿಡಿದಿದ್ದ ಓಢಣಿಯನ್ನು ಮತ್ತೆ ಮಡಿಸಿ ಪಕ್ಕಕ್ಕಿಟ್ಟ. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಅವನ ಅಂಗಡಿಯ ಬಿಳಿ ಗಾದಿಯ ಮೇಲೆ ಅಷ್ಟೊತ್ತಿಗಾಗಲೇ ಓಢಣಿಗಳ ಗುಡ್ಡೆ ಬಿದ್ದಿತ್ತು. ತಲೆಯ ಮೇಲಿನ ಫ್ಯಾನಿನಿಂದ ಗಾಳಿಗಿಂತ ಸದ್ದೇ ಹೆಚ್ಚು ಬರುತ್ತಿತ್ತು. ಶಬನಮ್ ಬುರ್ಖಾದ ತೋಳಿನಿಂದ ಹಣೆ ಒರೆಸಿಕೊಂಡು ಮಗಳ ಕಡೆ ನೋಡಿದಳು. ಹುಡುಗಿ ಗಾದಿಯ ತುದಿಗೆ ಕುಳಿತು, ಇಲ್ಲಿ ನಡೆಯುತ್ತಿರುವುದಕ್ಕೂ ತನಗೂ ಸಂಬಂಧವೇ ಇಲ್ಲವೆನ್ನುವಂತೆ ರಸ್ತೆಯ ಆಟೋಗಳನ್ನು ನೋಡುತ್ತಿದ್ದಳು.

"ಯಾಕ ಬ್ಯಾಡ? ಏನಾಗೈತಿ ಇದಕ್ಕ?"

"ಚೊಲೋ ಇಲ್ಲ."

"ಹಂಗಾರ ಚೊಲೋ ಇದ್ದದ್ದು ಯಾವುದು, ನೀನ ತೋರಿಸು."

"ನಿನ್ನ ಖುಷಿ, ಅಮ್ಮಿ."

ಎರಡು ತಿಂಗಳಿಂದ ಈ ಹುಡುಗಿಯ ಬಾಯಲ್ಲಿ ಇದೊಂದೇ ಮಾತು. ಅಬ್ದುಲಗನಿಯವರು ನನಗೆ ಮದುವೆಯ ಮಾತು ಕಳಿಸಿದ್ದಾರೆ ಅಂದಾಗ ನಿನ್ನ ಖುಷಿ. ಅವರೇ ಬ್ಯಾಡಗಿಗೆ ಬಂದು ನಮ್ಮ ಮನೆಯಲ್ಲಿರುತ್ತಾರಂತೆ, ನೀನು ಶಾಲೆ ಬದಲಿಸಬೇಕಾಗಿಲ್ಲ ಅಂದಾಗಲೂ ನಿನ್ನ ಖುಷಿ. ಜಗಳವನ್ನಾದರೂ ಆಡಿದ್ದರೆ ಉತ್ತರ ಕೊಡಬಹುದಿತ್ತು. ಈ ಖುಷಿಗೆ ಏನೆಂದು ಉತ್ತರ ಕೊಡುವುದು?

"ನಾ ಹೇಳಿದ್ದು ಕೇಳು," ಎಂದಳು ಜಾಹೀದಾ. ಶಬನಮ್‌ಳ ಅಣ್ಣ ಯೂಸುಫಸಾಬನ ಹೆಂಡತಿ ಅವಳು, ಅಫ್ರೀನಳಿಗೆ ಮುಮಾನಿ. ಅಂಗಡಿಗೆ ಬಂದಾಗಿನಿಂದ ಒಂದು ಬಾದಾಮಿ ಬಣ್ಣದ ಓಢಣಿಯನ್ನು ಯಾರೂ ಕಸಿದುಕೊಳ್ಳದ ಹಾಗೆ ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದಳು. "ಇದ್ರಾಗ ಏನ್ ಕಮ್ಮಿ ಐತಿ? ಸಣ್ಣ ಜರಿ, ತೆಳು ಬಟ್ಟಿ, ಕಣ್ಣಿಗೆ ಹೊಡೆಯೂದಿಲ್ಲ. ಮುಂದ ಯಾರದರ ಮದುವಿಗೆ ಹೋದಾಗೂ ಹೊದ್ಕೋಬಹುದು. ಎರಡನೇ ಸಲಕ್ಕ ಇಷ್ಟು ಸಾಕವಾ."

"ಸಾಕು ಭಾಭಿ. ನಂಗೂ ಸಾಕು. ಇಕಿ ಒಪ್ಪಬೇಕಲ್ಲ."

"ಇಕಿನ್ನ ಯಾಕ ಕೇಳ್ತಿ? ಮದುವಿ ನಿಂದೋ ಇಕಿದೋ?"

ಅಫ್ರೀನ್ ಇನ್ನೊಂದು ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು.

ಶಬನಮ್ ಬ್ಯಾಡಗಿಯಲ್ಲಿ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆಯುಟ್ಟು ಮನೆಮನೆಗೆ ತಿರುಗುವುದು ಅವಳ ಕೆಲಸ. ಗಂಡ ರಮಜಾನ ಕಾಮಾಲೆಯಾಗಿ ತೀರಿಕೊಂಡಾಗ ಅಫ್ರೀನ್ ಇನ್ನೂ ಶಾಲೆಯ ಒಂದನೇ ಇಯತ್ತೆಯಲ್ಲಿದ್ದಳು. ಈಗ ಹತ್ತನೇದು. ಅಬ್ದುಲಗನಿ ಗುತ್ತಲದವರು, ಬೋರ್‌ವೆಲ್ ಮೋಟರ್ ರಿಪೇರಿ ಮಾಡುವವರು, ಅವರಿಗೂ ಹೆಂಡತಿ ಇಲ್ಲ. ಶಬನಮ್ ತಿರುಗುವ ಓಣಿಯಲ್ಲೇ ಅವರ ಅಕ್ಕ ಸಾಜಿಯಾಳ ಮನೆ. ಅಕ್ಕನ ಮೊಮ್ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದವರು ಅಳುವ ಮಗುವಿಗಿಂತ ಹೆಚ್ಚು ಗಾಬರಿಯಾಗಿ ನಿಂತಿದ್ದರು. ಅಲ್ಲಿಂದ ಶುರುವಾದ ಪರಿಚಯ. ಯೂಸುಫಸಾಬ ಸಂಬಂಧಕ್ಕೆ ಒಪ್ಪಿದ್ದ, ಆದರೆ ಶಾಮಿಯಾನ ಹಾಕಬಾರದು, ಓಣಿಗೆ ಹೇಳಬಾರದು, ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಮನೆಯ ಒಳಕೋಣೆಯಲ್ಲಿ ಸದ್ದಿಲ್ಲದೆ ನಿಕಾಹ್ ಮುಗಿಸಿಬಿಡಬೇಕು ಎಂದಿದ್ದ. ಎಲ್ಲದಕ್ಕೂ ಶಬನಮ್ ಹೂಂ ಅಂದಿದ್ದಳು. ಮುಗಿದರೆ ಸಾಕಾಗಿತ್ತು ಅವಳಿಗೆ.

"ಅಕ್ಕಾರ, ಯಜಮಾನ್ರಿಗೊಮ್ಮೆ ಫೋಟೋ ಕಳಿಸಿ ಕೇಳ್ರಲ್ಲ," ಎಂದು ಕರಬಸಪ್ಪ ದಾರಿ ತೋರಿಸಿದ.

"ಕೇಳಿದ್ನಿರಿ ಅಣ್ಣಾರ. ನೋಡ್ರಿಲ್ಲಿ." ಅವಳು ಮೊಬೈಲು ಮುಂದೆ ಹಿಡಿದಳು. ಬೆಳಿಗ್ಗೆಯಿಂದ ಕಳಿಸಿದ ಒಂದೊಂದು ಫೋಟೋದ ಕೆಳಗೂ ಅಬ್ದುಲಗನಿಯ ಉತ್ತರ ಒಂದೇ: 'ಚೊಲೋ ಐತ್ರಿ.' ನಡುವೆ ಕೈತಪ್ಪಿ ಅಂಗಡಿಯ ಒಳಬಾಗಿಲಿನ ಪರದೆಯ ಫೋಟೋ ಹೋಗಿತ್ತು. ಅದರ ಕೆಳಗೂ 'ಚೊಲೋ ಐತ್ರಿ' ಎಂದಿತ್ತು.

ಕರಬಸಪ್ಪ ನಗು ತಡೆದುಕೊಂಡು ಇನ್ನೊಂದು ಕಟ್ಟು ಬಿಚ್ಚಿದ. ಬಿಸ್ಕಿಟ್ ಬಣ್ಣದ್ದು, ತಿಳಿ ಹಸಿರಿನದು, ಹಾಲಿನ ಕೆನೆಯಂಥದ್ದು. ಪ್ರತಿಯೊಂದನ್ನೂ ಶಬನಮ್ ತಲೆಯ ಮೇಲೆ ಹೊದ್ದು, ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡು, ಮಗಳ ಕಡೆ ತಿರುಗುತ್ತಿದ್ದಳು. ಮಗಳು ತಲೆಯಲ್ಲಾಡಿಸುತ್ತಿದ್ದಳು. ಕೆನೆಬಣ್ಣದ್ದನ್ನು ಕಂಡು ಹುಡುಗಿ ತಲೆ ಅಲ್ಲಾಡಿಸುವುದನ್ನೂ ಬಿಟ್ಟು ಸುಮ್ಮನೆ ಮುಖ ತಿರುಗಿಸಿದಾಗ ಶಬನಮ್‌ಳ ತಾಳ್ಮೆ ಮುಗಿಯಿತು. ಮನೆಯಲ್ಲಿ ಅವರದು ಉರ್ದು, ಹೊರಗೆ ಕನ್ನಡ. ಸಿಟ್ಟು ಬಂದರೆ ಮನೆಯಲ್ಲೂ ಶಬನಮ್‌ಳ ಬಾಯಿಗೆ ಓಣಿಯ ಕನ್ನಡವೇ ಬರುತ್ತಿತ್ತು.

"ಮುಗೀತು. ನಂಗ ಓಢಣಿನೂ ಬ್ಯಾಡ, ಏನೂ ಬ್ಯಾಡ. ಆಶಾ ಸೀರಿ ಉಟ್ಕೊಂಡು, ಅದರ ಸೆರಗ ಹೊದ್ಕೊಂಡು ಕುಂದ್ರತೇನಿ. ಕೊಳ್ಳಾಗ ಆಫೀಸಿನ ಕಾರ್ಡೂ ಹಾಕ್ಕೋತೇನಿ. ಏಳು."

ಮಗಳ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದಳು. ಜಾಹೀದಾ ಬಾದಾಮಿ ಓಢಣಿಯೊಂದಿಗೆ ಅಂಗಡಿಯಲ್ಲೇ ಉಳಿದಳು.

ಪಕ್ಕದಲ್ಲೊಂದು ಕಬ್ಬಿನ ಹಾಲಿನ ಗಾಡಿಯಿತ್ತು. ಏನೂ ಕೊಳ್ಳದೆ ನೆರಳಿಗೆ ನಿಲ್ಲುವುದು ಸರಿಯಲ್ಲವೆಂದು ಶಬನಮ್ ಎರಡು ಗ್ಲಾಸು ಹೇಳಿದಳು. ಗಾಣದ ಗಿರಗಿರ ಸದ್ದಿನ ನಡುವೆ ದನಿ ತಗ್ಗಿಸಿ ಕೇಳಿದಳು.

"ಈಗ ಹೇಳು. ನಿಂಗ ಈ ಮದುವಿ ಬ್ಯಾಡಲ್ಲ? ಬ್ಯಾಡಂದ್ರ ಬ್ಯಾಡನ್ನು. ದಿನಾ ಹಿಂಗ ಸಾಯಿಸಬ್ಯಾಡ ನನ್ನ."

"ಬ್ಯಾಡ ಅಂತ ನಾ ಯಾವಾಗ ಅಂದೆ?"

"ಬೇಕು ಅಂತಾನೂ ಅಂದಿಲ್ಲ."

ಅಫ್ರೀನ್ ಗ್ಲಾಸಿನೊಳಗಿನ ನೊರೆ ನೋಡುತ್ತ, ಬಹಳ ದಿನದಿಂದ ಒಳಗೇ ಜೋಡಿಸಿಟ್ಟುಕೊಂಡಿದ್ದನ್ನು ಒಪ್ಪಿಸುವವಳ ಹಾಗೆ ಹೇಳತೊಡಗಿದಳು.

"ಮನ್ಯಾಗ ಯಾರರ ಮದುವಿ ಅನ್ನೂ ಶಬ್ದ ಹೇಳ್ತೀರಿ ಏನು? ಮಾಮು 'ಆ ಕೆಲಸ' ಅಂತಾರ. ಮುಮಾನಿ 'ಶುಕ್ರವಾರದ್ದು' ಅಂತಾರ. ನೀನೂ ಫೋನ್‌ನ್ಯಾಗ 'ಅದು' ಅಂತಿ. ಕ್ಲಾಸಿನ್ಯಾಗ ಶ್ವೇತಾ ಕೇಳಿದ್ಲು, ನಿಮ್ಮ ಮಮ್ಮಿದು ಮದುವಿ ಅಂತಲ್ಲ ಅಂತ. ನಾ ಇಲ್ಲ ಅಂದೆ. ಯಾಕ ಸುಳ್ಳು ಹೇಳಿದೆ ನಾನು? ನೀವೆಲ್ಲಾ ಮುಚ್ಚಿ ಇಡಾಕತ್ತೀರಿ, ಹಂಗಾರ ಇದು ಮುಚ್ಚಿಡೂವಂಥಾದ್ದ ಇರಬೇಕು ಅನಿಸ್ತು."

"ಅಫ್ರೀನ್..."

"ಈಗ ನೋಡು, ಆರಿಸೂ ಬಣ್ಣ ಎಲ್ಲಾ ಗೋಡಿ ಬಣ್ಣ. ಅದನ್ನ ಹೊದ್ಕೊಂಡು ಒಳಗಿನ ಖೋಲ್ಯಾಗ ಕುಂತ್ರ ಗೋಡಿ ಯಾವುದು, ನೀ ಯಾವಾಕಿ ಅಂತನೂ ತಿಳಿಯೂದಿಲ್ಲ. ಕಳವು ಮಾಡಾಕತ್ತೀ ಏನು ಅಮ್ಮಿ?"

ಶಬನಮ್ ಗ್ಲಾಸನ್ನು ಗಾಡಿಯ ಮೇಲಿಟ್ಟಳು. ಊರಿನ ಸೊಸೆಯಂದಿರಿಗೆಲ್ಲ ನಾಚಿಕೆ ಬಿಟ್ಟು ಮಾತಾಡಿರೆಂದು ತಿಳಿಹೇಳುವವಳು ತಾನು. ಮನೆಯಲ್ಲಿ ಹೀಗೊಂದು ಹುಡುಗಿ ಬಾಯಿ ಹೊಲಿದುಕೊಂಡು ಕುಳಿತದ್ದು ತಿಳಿದಿರಲಿಲ್ಲ. "ಹಂಗಾರ ನಿಂಗ ಖರೇನ ಬೇಕಾಗೈತಿ?" ಎಂದಷ್ಟೇ ಕೇಳಿದಳು.

"ಪೂರ್ತಿ ಬೇಕು ಅಂತನೂ ಇಲ್ಲ," ಎಂದಳು ಅಫ್ರೀನ್. ಕಣ್ಣುಗಳು ತುಂಬಿದ್ದವು, ದನಿ ಮಾತ್ರ ಗಟ್ಟಿಯಿತ್ತು. "ಅವ್ರು ಮನ್ಯಾಗ ಬಂದ್ರ ಹೆಂಗ ಇರೂದೋ ಗೊತ್ತಿಲ್ಲ. ಅಬ್ಬಾನ ಕುರ್ಚಿ ಮ್ಯಾಲೆ ಕುಂತ್ರ ಸಿಟ್ಟು ಬರಬಹುದು. ಆದ್ರ ಆಗೂದಾದ್ರ ನೆಟ್ಟಗ ಆಗಲಿ."

ಗಾಡಿಯವಳು ಖಾಲಿ ಗ್ಲಾಸು ಕೇಳಿದಳು. ಶಬನಮ್ ಕುಡಿದೇ ಇರಲಿಲ್ಲ. ಗಟಗಟನೆ ಕುಡಿದು ಗ್ಲಾಸು ಕೊಟ್ಟು, ಮಗಳ ಕೈ ಹಿಡಿಯದೆ ತಾನೇ ಮುಂದಾಗಿ ಅಂಗಡಿಯ ಮೆಟ್ಟಿಲು ಹತ್ತಿದಳು.

"ಅಣ್ಣಾರ, ಕೆಂಪು ತಗೀರಿ."

"ಎಂಥಾ ಕೆಂಪು ಅಕ್ಕಾರ? ಮರೂನ್ ಐತಿ, ದಾಳಿಂಬ್ರಿ..."

"ಮದುವಿದು."

ಕರಬಸಪ್ಪ ಒಳಗಿನ ಕಪಾಟಿನಿಂದ ತಂದದ್ದನ್ನು ಎರಡೂ ಕೈಯಲ್ಲಿ ಎತ್ತಿಕೊಂಡೇ ಬರಬೇಕಾಯಿತು. ಅಂಚಿನ ಜರಿ ಗೇಣಗಲ ಇತ್ತು. ಜಾಹೀದಾ ಹೌಹಾರಿ ಎದ್ದು ನಿಂತಳು.

"ಹುಚ್ಚು ಹಿಡಿದೈತಿ ಏನು ನಿಂಗ? ಹತ್ತನೇತ್ತಿ ಮಗಳನ್ನ ಬಾಜೂಕ ಕುಂದ್ರಸ್ಕೊಂಡು ಇಂಥಾದ್ದು ಹೊದ್ಕೋತಿ? ಜನ ಏನಂತಾರ?"

"ಜನ ಬಾದಾಮಿ ಹೊದ್ರೂ ಅಂತಾರ ಭಾಭಿ. ದಿನಾ ಅವ್ರ ಮನಿಗೆ ಹೋಗಾಕಿ ನಾನು, ನಂಗ ಗೊತ್ತಿಲ್ಲೇನು."

"ನಿಮ್ಮ ಅಣ್ಣಗ ನೀನ ಹೇಳ್ಕೋ. ನಾ ಇದ್ರಾಗಿಲ್ಲ."

ಹಿಂದೆಯೇ ಬಂದಿದ್ದ ಅಫ್ರೀನ್ ಮೊದಲ ಸಲ ತಾನಾಗಿ ಮುಂದೆ ಬಂದು ಓಢಣಿಯನ್ನು ತಾಯಿಯ ತಲೆಯ ಮೇಲೆ ಹೊದಿಸಿ ಹಿಂದೆ ಸರಿದು ನೋಡಿದಳು. ಹಣೆಯ ಮೇಲೆ ಬಂದ ಅಂಚನ್ನು ಒಂದಿಷ್ಟು ಹಿಂದಕ್ಕೆ ತಳ್ಳಿದಳು. ಇದಕ್ಕೂ ಏನಾದರೂ ಕೊಂಕು ತೆಗೆಯುತ್ತಾಳೇನೋ ಎಂದು ಶಬನಮ್ ಕನ್ನಡಿ ಬಿಟ್ಟು ಮಗಳ ಮುಖವನ್ನೇ ನೋಡಿದಳು.

"ಹೂಂ. ಭಾರ ಆಗತೈತಿ ನಿಂಗ."

"ಆಗಲಿ."

ಫೋಟೋ ಹೋಯಿತು. ಎಂದಿನಂತೆ 'ಚೊಲೋ ಐತ್ರಿ' ಬಂತು. ಸ್ವಲ್ಪ ಹೊತ್ತು ಕಳೆದು ಅಬ್ದುಲಗನಿಯ ಫೋನೇ ಬಂತು. ಹಿಂದೆ ಯಾವುದೋ ಮೋಟರಿನ ಸದ್ದು.

"ಅದನ್ನ ತಗೊಂಡ್ರೇನ್ರಿ?"

"ತಗೊಂಡೇನ್ರಿ. ಬ್ಯಾಡಾಗಿತ್ತೇನು?"

"ಹಂಗಲ್ರಿ. ಅದು ಆದ್ರ ನಾನೂ ಹೊಸಾ ಶೆರವಾಣಿ ಹೊಲಸಬೇಕಾಗತೈತಿ. ನಾ ಈದ್‌ನಾಗ ಹಾಕ್ಕೊಂಡಿದ್ದ ಜುಬ್ಬಾನ ಹಾಕ್ಕೊಂಡು ಬರೂದಂತ ಮಾಡಿದ್ದೆ. ಯಾರಿಗೂ ಗೊತ್ತಾಗಬಾರದು ಅಂದಿದ್ರಲ್ಲ ನಿಮ್ಮಣ್ಣ."

"ಗೊತ್ತಾಗಲಿ ಬಿಡ್ರಿ," ಎಂದಳು ಶಬನಮ್.

ಬ್ಯಾಡಗಿಗೆ ವಾಪಸು ಹೋಗುವ ಬಸ್ಸಿನಲ್ಲಿ ಜಾಹೀದಾ ಬೇರೆ ಸೀಟಿಗೆ ಹೋಗಿ ಕುಳಿತಳು. ರಾತ್ರಿ ಯೂಸುಫಸಾಬ ಓಢಣಿಯನ್ನು ನೋಡಿ ಊಟ ಬಿಟ್ಟ. ಮರುದಿನ ಶಬನಮ್ ಎಂದಿನಂತೆ ಗುಲಾಬಿ ಸೀರೆಯುಟ್ಟು ಓಣಿ ತಿರುಗಿದಳು. ಬಾಣಂತಿ ತಸ್ಲೀಮಳ ಮನೆಯಲ್ಲಿ, ಬಿಪಿ ಗುಳಿಗೆ ನುಂಗುವ ಮರಿಯವ್ವನ ಮನೆಯಲ್ಲಿ, ಹೋದಲ್ಲೆಲ್ಲ ಕೆಲಸ ಮುಗಿಸಿ ಏಳುವಾಗ, "ಶುಕ್ರವಾರ ನನ್ನ ಮದುವಿ ಐತಿ, ಬರ್ರಿ," ಎಂದು ಹೇಳಿದಳು. ಮೊದಲನೆಯ ಮನೆಯಲ್ಲಿ ನಾಲಿಗೆ ತೊದಲಿತು. ಆಮೇಲೆ ಸಲೀಸಾಯಿತು. ಮರಿಯವ್ವ ಮಾತ್ರ ಕೇಳಿ ಸುಮ್ಮನೆ ಒಳಗೆ ಹೋದಳು. ಇದೇನು ಸಿಟ್ಟಾದಳೋ ಎಂದುಕೊಳ್ಳುವಷ್ಟರಲ್ಲಿ ಒಂದು ಕುಪ್ಪಸದ ಖಣ ತಂದು ಶಬನಮ್‌ಳ ಚೀಲದಲ್ಲಿ ತುರುಕಿದಳು.

ಶುಕ್ರವಾರ ಒಳಕೋಣೆ ಸಾಲಲಿಲ್ಲ. ಬಂದವರನ್ನು ಕೂರಿಸಲು ಯೂಸುಫಸಾಬ ಮುಖ ಗಂಟಿಕ್ಕಿಕೊಂಡೇ ಬೀದಿ ಬಾಗಿಲಿನ ಎರಡೂ ಕದ ತೆಗೆಸಿ, ಪಕ್ಕದ ಮನೆಯಿಂದ ಚಾಪೆ ತರಿಸಿದ. ಒಳಗೆ ಹೆಂಗಸರ ನಡುವೆ ಕೆಂಪು ಓಢಣಿಯಡಿ ಕುಳಿತ ಶಬನಮ್‌ಗೆ ಅದನ್ನು ಆರಿಸಿದ ಗಳಿಗೆಯ ಮೇಲೇ ಸಿಟ್ಟು ಬರತೊಡಗಿತ್ತು. ತಲೆಯ ಮೇಲೆ ಬಿಂದಿಗೆ ಇಟ್ಟಂತೆ ಭಾರ. ಜಾಹೀದಾ ಚುಚ್ಚಿದ ಪಿನ್ನುಗಳು ಕೂದಲನ್ನು ಜಗ್ಗುತ್ತಿದ್ದವು. ಓಢಣಿ ಎಡಕ್ಕೆ ಜಾರಿದರೆ ತಸ್ಲೀಮ್ ಬಲಕ್ಕೆ ಎಳೆಯುತ್ತಿದ್ದಳು, ಬಲಕ್ಕೆ ಬಂದರೆ ಸಾಜಿಯಾ ಎಡಕ್ಕೆ. ಮುಖದ ಮುಂದೆ ಇಳಿಬಿಟ್ಟ ಅಂಚಿನ ಜರಿ ಮೂಗಿಗೆ ತರಚುತ್ತಿತ್ತು. ಬೆವರು ಕಿವಿಯ ಹಿಂದಿನಿಂದ ಇಳಿದು ಬೆನ್ನಿಗೆ ಹೋಗುತ್ತಿತ್ತು.

ಖಾಜಿ ಸಾಹೇಬರು ಇಬ್ಬರು ಸಾಕ್ಷಿಗಳೊಂದಿಗೆ ಹೊಸ್ತಿಲಿಗೆ ಬಂದು ನಿಂತರು. ಅಬ್ದುಲಗನಿಯ ಹೆಸರು ಹೇಳಿ, ವರ ಕೊಡುವ ಮೆಹರಿನ ಮೊತ್ತ ಹೇಳಿ, ಒಪ್ಪಿಗೆಯೇ ಎಂದು ಕೇಳಿದರು. ಮೊದಲನೆಯ ಮದುವೆಯಲ್ಲಿ ಶಬನಮ್‌ಗೆ ಹತ್ತೊಂಬತ್ತು ತುಂಬಿತ್ತು. ಆಗ ಯಾರೋ ಹಿರಿಯ ಹೆಂಗಸು ಹಿಂದಿನಿಂದ ಅವಳ ತಲೆಯನ್ನು ಮೆಲ್ಲಗೆ ಒತ್ತಿ ಬಗ್ಗಿಸಿದ್ದಳು. ಅದೇ ಒಪ್ಪಿಗೆಯಾಗಿ ಹೋಗಿತ್ತು. ಈಗಲೂ ಅವಳು ತಲೆ ಬಗ್ಗಿಸಿದಳು.

"ಹಂಗ ಆಗೂದಿಲ್ಲವಾ," ಎಂದರು ಖಾಜಿ. "ಮೊದಲನೇದಕ್ಕ ಸುಮ್ನ ಕುಂತ್ರೂ ನಡೀತಿತ್ತು. ಎರಡನೇದಕ್ಕ ಬಾಯಿ ಬಿಟ್ಟ ಹೇಳಬೇಕು."

"ಕಬೂಲ್ ಹೈ," ಎಂದಳು. ಜರಿಯ ಎಳೆ ಬಾಯೊಳಗೆ ಹೋಯಿತು.

"ಏನಂದ್ರು?" ಎಂದ ಸಾಕ್ಷಿಗಳಲ್ಲಿ ಮುದುಕನಾದವನು.

"ಕಬೂಲ್ ಹೈ."

"ಹೆಂಗಸರು ಒಂದೀಟು ಸುಮ್ನಿರ್ರಿ. ಕೇಳಸ್ಲಿಲ್ರಿ ಖಾಜಿ ಸಾಬ್ರ."

ಸಾಜಿಯಾ ಮುಂದೆ ಬಾಗಿ, "ಅಂದ್ಲರಿ, ಅಂದ್ಲು, ನಾ ಕೇಳೇನಿ," ಎಂದಳು. "ನೀ ಕೇಳಿದ್ರ ಏನ್ ಬಂತು," ಎಂದ ಮುದುಕ. ಜಾಹೀದಾ ಮುಸುಕನ್ನು ಇನ್ನಷ್ಟು ಕೆಳಗೆಳೆದಳು. ಒಂದು ಪಿನ್ನು ನೆತ್ತಿಗೆ ಚುಚ್ಚಿತು.

ಶಬನಮ್ ಎರಡೂ ಕೈಯಿಂದ ಓಢಣಿಯ ಅಂಚನ್ನು ಹಿಡಿದು, ಜೋಳದ ಚೀಲದ ಬಾಯಿ ತೆರೆದಂತೆ, ತಲೆಯ ಮೇಲಕ್ಕೆ ಎತ್ತಿಬಿಟ್ಟಳು. ಬೆವತ ಮುಖ, ಕದಡಿದ ಕಾಡಿಗೆ. ಪೋಲಿಯೋ ಹನಿ ಹಾಕುವ ದಿನ ಓಣಿಯ ಈ ತುದಿಯಲ್ಲಿ ನಿಂತು ಆ ತುದಿಯ ತಾಯಂದಿರನ್ನು ಕರೆಯುವ ದನಿಯಲ್ಲಿ ಹೇಳಿದಳು.

"ಕಬೂಲ್ ಹೈ. ನಂಗ ಒಪ್ಪಿಗಿ ಐತಿ. ಕೇಳಿಸ್ತೇನ್ರಿ ಈಗ?"

ಹೊರಕೋಣೆಯಲ್ಲಿ ಹೊಸ ಶೆರವಾಣಿ ತೊಟ್ಟು ಕುಳಿತಿದ್ದ ಅಬ್ದುಲಗನಿ, ಖಾಜಿ ಬಂದು ತನ್ನನ್ನು ಕೇಳುವ ಮೊದಲೇ, "ನಂಗೂನ್ರಿ," ಎಂದುಬಿಟ್ಟರು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಯೂಸುಫಸಾಬ ಗಂಟಿಕ್ಕಿದ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಊಟಗಳಾಗಿ, ಬಂದವರು ಹೋಗಿ, ಬಿಸಿಲು ಇಳಿಯುವ ಹೊತ್ತಿಗೆ ಶಬನಮ್ ಪಿನ್ನುಗಳನ್ನೆಲ್ಲ ಕಿತ್ತು ಓಢಣಿಯನ್ನು ಮಗಳ ಕೈಗಿಟ್ಟಳು. ಕುತ್ತಿಗೆಯ ಕಡೆ ಅದು ಬೆವರಿಗೆ ಪೂರಾ ಒದ್ದೆಯಾಗಿತ್ತು. ಅಫ್ರೀನ್ ಅದನ್ನು ಎದೆಗವಚಿಕೊಂಡು ಹೊರಗೆ ಹೋದಳು.

"ಹಿತ್ತಲದಾಗ ಹಾಕು," ಎಂದು ಜಾಹೀದಾ ಅಡುಗೆಮನೆಯಿಂದ ಕೂಗಿ ಹೇಳಿದಳು.

ಬೀದಿಯ ಕಡೆಯ ಹಗ್ಗದ ಮೇಲೆ ಅಫ್ರೀನಳ ಶಾಲೆಯ ಬಟ್ಟೆಗಳು ಒಣಗುತ್ತಿದ್ದವು. ಅವಳು ಅವನ್ನು ಒಂದು ಕಡೆಗೆ ಸರಿಸಿ ಜಾಗ ಮಾಡಿ, ಓಢಣಿಯನ್ನು ಪೂರ್ತಿ ಬಿಡಿಸಿ ಹಾಕಿದಳು. ಭಾರಕ್ಕೆ ಹಗ್ಗ ನಡುವೆ ಜೋತಿತು. ಅಂಚು ನೆಲಕ್ಕೆ ತಾಗದ ಹಾಗೆ ಒಂದು ತುದಿಯನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು ಅವಳು ಅಲ್ಲೇ ನಿಂತಳು. ದಾರಿಯಲ್ಲಿ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಒಬ್ಬ ಕಾಲೂರಿ ನಿಂತು ನೋಡಿ, ಮತ್ತೆ ತುಳಿದುಕೊಂಡು ಹೋದ.