ಒಂಟಿ ತಾಳೆಯ ಗುರುತು

ಸರ್ವೆ ಬೋಟು ಹೊನ್ನಾವರಕ್ಕೆ ಬಂದು ನಾಲ್ಕು ದಿನವಾಗಿತ್ತು. ಸಮುದ್ರದ ತಳದಲ್ಲಿ ಗ್ಯಾಸ್ ಇದೆಯೇ ಎಂದು ಹುಡುಕುವುದು ಅದರ ಕೆಲಸ. ನೀರಿನಲ್ಲಿ ಗುಳ್ಳೆ ಏಳುವ ಜಾಗ ಯಾರಿಗಾದರೂ ಗೊತ್ತೇ ಎಂದು ಧಾರವಾಡದ ಎಂಜಿನಿಯರು ಕೇಳಿದಾಗ ಕರ್ಕಿಯ ಮೀನುಗಾರ ಕುಪ್ಪ ಮುಂದೆ ಬಂದಿದ್ದ. "ದೋಣಿಯಿಂದ ನೋಡಿದ್ರೆ ದಡದ ಜೋಡಿ ತೆಂಗು ಗುಡ್ಡದ ತುದಿಗೆ ಸಮ ಬರ್ಬೇಕು. ಆರು ಮಾರು ಆಳ ನೀರು."

ಹೇಳಿದ್ದು ಸುಳ್ಳು. ಗುರುತು ತೆಂಗಲ್ಲ, ಒಂಟಿ ತಾಳೆ. ಬಲೆ ಬಿಡುವ ಜಾಗದ ಗುರುತನ್ನು ಅಲ್ಲಿ ಯಾರೂ ಯಾರಿಗೂ ಕೊಡುವುದಿಲ್ಲ. ಕೇಳಿದರೆ ಪಕ್ಕದ ಮರ ತೋರಿಸುತ್ತಾರೆ. ಗುಳ್ಳೆಯ ಸುತ್ತ ಸಿಗಡಿ ಹೇರಳ. ಅಪ್ಪ ಸಾಯುವಾಗ ಕುಪ್ಪನೊಬ್ಬನಿಗೇ ಹೇಳಿದ ಜಾಗ ಅದು. ಆದರೆ ಆ ಗುಳ್ಳೆ ಎಂತದು ಎಂದು ಅಪ್ಪನಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಕುಪ್ಪ ದೋಣಿ ನಿಲ್ಲಿಸಿ ಅದನ್ನೇ ನೋಡುತ್ತಿದ್ದ. ಅದಕ್ಕೇ ಮುಂದೆ ಬಂದದ್ದು. ಬಾಯಿ ಮಾತ್ರ ಅಭ್ಯಾಸದಂತೆ ನಡೆದುಕೊಂಡಿತ್ತು.

"ನಿಮ್ಮ ಗುಳ್ಳಿ ಸಿಗಲಿಲ್ಲಲ್ರೀ. ನಾಳಿ ಕುಮಟಾಕ್ಕ ಹೊಂಟೇವಿ," ಎಂದರು ಸಂಜೆ ಬಂದರಿಗೆ ಮರಳಿದ ಎಂಜಿನಿಯರು.

ಪಕ್ಕದ ಮನೆಯ ಶುಕ್ರ ನಕ್ಕ. "ಕುಪ್ಪಣ್ಣ ಅಲ್ಲಿ ಅದೆ ಅಂದ್ರೆ ಅಲ್ಲಿಲ್ಲ ಅಂತ ಲೆಕ್ಕ, ಸಾಹೇಬ್ರೆ. ಹೆಂಡ್ತಿಗೇ ಹೇಳಿದವ ಅಲ್ಲ!"

ಬಂದರಿನ ಜನವೆಲ್ಲ ಅಲ್ಲೇ ಇತ್ತು. ಕಿವಿಯಲ್ಲಿ ಹೇಳಿದರೂ ಉಪಯೋಗವಿಲ್ಲ. ಬೋಟು ಎಲ್ಲಿ ನಿಂತಿದೆ ಎಂಬುದು ದಡದಿಂದಲೇ ಕಾಣುತ್ತದೆ. ಹೇಳಿದರೆ ಸಿಗಡಿ ಊರಿನದು. ಹೇಳದಿದ್ದರೆ ಇಂಥ ಬೋಟು ಮತ್ತೆ ಬರುತ್ತದೆಂದು ಯಾರು ಹೇಳಬೇಕು?

"ತೆಂಗಲ್ಲ," ಎಂದ ಕುಪ್ಪ. "ಒಂಟಿ ತಾಳೆ."

ಶುಕ್ರ ನಗು ನಿಲ್ಲಿಸಿ ಗುಡ್ಡದತ್ತ ತಿರುಗಿದ.

ಮರುದಿನ ಬೆಳಿಗ್ಗೆ ಕುಪ್ಪನನ್ನೂ ಬೋಟಿನಲ್ಲಿ ಕರೆದುಕೊಂಡು ಆ ಜಾಗಕ್ಕೆ ಹೋದ ಎಂಜಿನಿಯರು ನೀರು ತುಂಬಿದ ಬಾಟಲಿಗೆ ಆಲಿಕೆ ಸಿಕ್ಕಿಸಿ, ಗುಳ್ಳೆಗಳ ಮೇಲೆ ನೀರಿನೊಳಗೇ ಬೋರಲು ಹಿಡಿದರು. ಗುಳ್ಳೆ ಏರಿದಂತೆ ಬಾಟಲಿಯ ನೀರು ಇಳಿಯಿತು. ಎರಡು ಬಾಟಲಿ ತುಂಬಿದವು. ಒಂದಕ್ಕೆ ಬಿರಡೆ ಒತ್ತಿದರು. ಇನ್ನೊಂದರ ಬಾಯಿಗೆ ಕಡ್ಡಿ ಗೀರಿ ಹಿಡಿದಾಗ ನೀಲಿ ಉರಿ ಎದ್ದು ಆರಿತು.

"ಗ್ಯಾಸೇ?" ಎಂದು ಕುಪ್ಪ ಕೇಳಿದ.

"ಗ್ಯಾಸು ಹೌದು. ಆದ್ರ ಕೆಸರು ಕೊಳೆತ್ರೂ ಇದಽ ಬರತೈತಿ. ತಳದ ಕೆಳಗ ಆಳದಾಗಿಂದೋ, ಮ್ಯಾಲಿನ ಕೆಸರಿಂದೋ, ಬೊಂಬಾಯಿಗೆ ಕಳಿಸಿ ನೋಡಬೇಕು."

"ಗೊತ್ತಾದ್ರೆ ನಂಗೊಂದು ಕಾಗ್ದ ಹಾಕ್ತ್ರಾ?"

"ಹಾಕತೇನಿ."

ಅಷ್ಟರಲ್ಲಿ ಶುಕ್ರನದೂ ಸೇರಿ ಆರು ದೋಣಿಗಳು ಸುತ್ತ ಬಂದು ಬಲೆ ಬಿಡತೊಡಗಿದ್ದವು. ಕುಪ್ಪ ಅತ್ತ ನೋಡಲಿಲ್ಲ. ಖಾಲಿ ಬಾಟಲಿ ಎತ್ತಿಕೊಂಡು ನೀರು ತುಂಬಿದ.

"ಇನ್ನೊಂದ್ಸಲ ಹಚ್ಚಿ, ಸಾಹೇಬ್ರೆ. ಈ ಸಲ ನಾ ಹಿಡ್ಕಂತೆ."