ಪೆನ್ಸಿಲ್ಲಿಗೆ ಹೆದರಿದವರು

“ಪೆನ್ಸಿಲ್ ಕಂಡ್ರೆ ಹೆದರೋ ಜನ ಇವರು! ಇಂಥೋರ ಕೈಗೆ ದೇಶದ ಹಣೆಬರಹ ಕೊಟ್ವಲ್ಲ, ನಮಗೆ ಬುದ್ಧಿ ಇತ್ತಾ?” ಎಂದು ಪಿಯರ್ಸ್ ವೇದಿಕೆಯ ಮೇಲೆ ನಿಂತು ಒಂದು ಪೆನ್ಸಿಲನ್ನು ಎತ್ತಿ ತೋರಿಸಿದ. ಸಭೆ ನಕ್ಕಿತು.

ನನ್ನ ಪಕ್ಕ ಕೂತಿದ್ದ ನಮ್ಮಜ್ಜಿ ನಗಲಿಲ್ಲ. ಮಡಿಲಲ್ಲಿದ್ದ ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡಳು.

ಪಿಯರ್ಸ್ ನಮ್ಮ ಊರಿನವನಲ್ಲ. ಬ್ರೆಕ್ಸಿಟ್ ಬಗ್ಗೆ, ಅಂದರೆ ಬ್ರಿಟನ್ ಯುರೋಪ್ ಒಕ್ಕೂಟದ ಒಳಗಿರಬೇಕೋ ಹೊರಗೆ ಬರಬೇಕೋ ಎಂದು, ಇನ್ನೊಂದು ಸಲ ಜನಮತ ಕೇಳಬೇಕು ಎಂದು ಊರೂರು ಸುತ್ತಿ ಭಾಷಣ ಮಾಡುತ್ತಿದ್ದವನು. ಆವತ್ತು ನಮ್ಮ ಮೀನುಗಾರರ ಊರು ಗ್ರಿಮ್ಸ್‌ಬಿಗೆ, ನಮ್ಮ ಬೀದಿಯ ಪ್ರಾರ್ಥನಾಮಂದಿರದ ಹಾಲ್‌ಗೆ ಬಂದಿದ್ದ. ನಗು ನಿಲ್ಲುವವರೆಗೆ ಕಾದು ಮುಂದುವರಿಸಿದ.

“ಇದೇ ಹಾಲ್ ಕಣ್ರೀ. ಹೋದ ಸಲ ಜನಮತ ಕೇಳಿದಾಗ ಇಲ್ಲೇ ಮತಗಟ್ಟೆ. ಯಾರೋ ಒಬ್ಬ ಮುದುಕ ಗೇಟಲ್ಲಿ ನಿಂತು ಬಂದೋರಿಗೆಲ್ಲ ಪೆನ್ನು ಹಂಚ್ತಿದ್ನಂತೆ. ಒಳಗಿರೋ ಪೆನ್ಸಿಲಲ್ಲಿ ಗುರುತು ಹಾಕಿದ್ರೆ ಸರ್ಕಾರದೋರು ರಾತ್ರಿ ಅಳಿಸ್ಬಿಡ್ತಾರೆ ಅಂತ! ಆ ಪುಣ್ಯಾತ್ಮ ಈಗ ಇಲ್ವಂತೆ. ಅವನ ಜೊತೆ ‘ಹೊರಗೆ’ ಅಂತ ಹಾಕಿದೋರೂ ಎಷ್ಟೋ ಜನ ಮಣ್ಣಾಗಿದಾರೆ. ಸತ್ತೋರ ಮಾತಿಗೆ ಬದುಕಿರೋರು ಯಾಕೆ ಕಟ್ಟುಬೀಳ್ಬೇಕು?”

ಚಪ್ಪಾಳೆ ಬಿತ್ತು. ಆ ಮುದುಕ ನನ್ನ ಅಜ್ಜ ವಿಲ್ಫ್. ಪಿಯರ್ಸನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದ ಅನ್ನಿ. ಅಷ್ಟು ಚೆನ್ನಾಗಿ ನಗಿಸುವ ಮಾತನ್ನು ಯಾರು ಬಿಡುತ್ತಾರೆ?

ಅಜ್ಜ ಹಂಚಿದ್ದು ಕುದುರೆ ಜೂಜಿನ ಅಂಗಡಿಯ ಗಿಡ್ಡ ನೀಲಿ ಪೆನ್ನುಗಳನ್ನು. ಅಲ್ಲಿ ಅವು ಬಿಟ್ಟಿ ಸಿಗುತ್ತವೆ. ಅಜ್ಜ ಒಂದು ವಾರ ದಿನಾ ಹೋಗಿ ಜೇಬು ತುಂಬಿಸಿಕೊಂಡು ಬಂದಿದ್ದ. ಮತಗಟ್ಟೆಯ ಪೆನ್ಸಿಲನ್ನು ಮೇಜಿಗೆ ದಾರದಿಂದ ಕಟ್ಟಿರುತ್ತಾರಲ್ಲ, ಅದನ್ನು ಮುಟ್ಟಲೇಬೇಡ ಎಂದು ನನಗೂ ಒಂದು ಪೆನ್ನು ಕೊಟ್ಟ. ಅದು ನನ್ನ ಮೊದಲ ಓಟು. ನಾನೂ ಒಳಗೊಳಗೇ ನಕ್ಕಿದ್ದೆ. ನಕ್ಕರೂ ಅವನ ಪೆನ್ನಿನಲ್ಲೇ ‘ಹೊರಗೆ’ ಎನ್ನುವುದರ ಎದುರು ಗುರುತು ಹಾಕಿದೆ. ನನ್ನನ್ನು ಅದುವರೆಗೆ ಯಾರೂ ಯಾವುದಕ್ಕೂ ಏನೂ ಕೇಳಿರಲಿಲ್ಲ. ಶಾಲೆಯವರು ಕೇಳಲಿಲ್ಲ, ಬೇಗನೆ ಹೊರಗೆ ಹಾಕಿದರು. ಮೀನು ಕೊಯ್ಯುವ ಶೆಡ್ಡಿನವರು ಕೇಳಲಿಲ್ಲ, ಕೈಗೆ ಚೂರಿ ಕೊಟ್ಟು ಮಂಜುಗಡ್ಡೆಯ ಮುಂದೆ ನಿಲ್ಲಿಸಿದರು. ಆವತ್ತು ಮಾತ್ರ ಲಂಡನ್ನಿನ ದೊಡ್ಡ ಮನುಷ್ಯರೆಲ್ಲ ‘ಒಳಗೆ’ ಅಂದರು, ನಾನು ‘ಹೊರಗೆ’ ಅಂದೆ, ನಾನು ಗೆದ್ದೆ. ಅದರ ರುಚಿ ಗೊತ್ತಾ ನಿಮಗೆ?

ಹಾಗಿದ್ದರೆ ಈ ಸಭೆಗೆ ಯಾಕೆ ಬಂದಿದ್ದೆ ಎಂದು ಕೇಳಬಹುದು. ಯುರ್ಗಾಗೋಸ್ಕರ ಬಂದಿದ್ದೆ.

ಯುರ್ಗಾ ಲಿಥುವೇನಿಯಾದವಳು. ಶೆಡ್ಡಿನಲ್ಲಿ ನನ್ನ ಎದುರು ಸಾಲಿನಲ್ಲಿ ನಿಂತು ಮೀನಿನ ಮುಳ್ಳು ಕೀಳುತ್ತಿದ್ದಳು. ಈಗ ನಮಗೆ ಒಂದೂವರೆ ವರ್ಷದ ಮಗಳು, ಲೀನಾ. ನಾನು ‘ಹೊರಗೆ’ ಎಂದು ಹಾಕಿದ್ದು ಯುರ್ಗಾಗೆ ಗೊತ್ತಿತ್ತು. ಮೊದಮೊದಲು ಅದನ್ನೇ ಹಿಡಿದು ರೇಗಿಸುತ್ತಿದ್ದಳು, “ನನ್ನ ಓಡಿಸೋಕೆ ಓಟು ಹಾಕಿ ನನ್ನನ್ನೇ ಕಟ್ಕೊಂಡ್ಯಲ್ಲೋ, ಲೆಕ್ಕ ತಪ್ಪಿತಾ?” ಎಂದು. ಈ ಚಳಿಗಾಲದಲ್ಲಿ ರೇಗಿಸುವುದು ನಿಂತಿತು. ಬಸ್ಸಿನಲ್ಲಿ ಮಗಳ ಜೊತೆ ಅವಳ ಭಾಷೆಯಲ್ಲಿ ಮಾತಾಡುತ್ತಿದ್ದಾಗ ಒಬ್ಬಳು ಹೆಂಗಸು, “ಇನ್ನೂ ಹೋಗಿಲ್ವಾ ನೀವು?” ಅಂದಳಂತೆ. ಯಾರೂ ಏನೂ ಅನ್ನಲಿಲ್ಲವಂತೆ. ಮನೆಗೆ ಬಂದು ನನಗೆ ಹೇಳಿದಾಗ ನಾನು, “ಅವಳು ಯಾವಳೋ ಹುಚ್ಚಿ, ಬಿಡು” ಅಂದೆ. ಯುರ್ಗಾ ಬಿಡಲಿಲ್ಲ.

ಹೋದ ವಾರ ಬೀಟ್‌ರೂಟ್ ಹೆಚ್ಚುತ್ತಾ, ತಲೆ ಎತ್ತದೆ ಹೇಳಿದಳು.

“ಈಸ್ಟರ್‌ಗೆ ನಮ್ಮ ದೇಶಕ್ಕೆ, ಅಕ್ಕನ ಊರಿಗೆ ಹೋಗ್ತೀನಿ. ಲೀನಾನ್ನೂ ಕರ್ಕೊಂಡು.”

“ವಾಪಸ್ ಯಾವಾಗ?”

“ಅದು ನಿನಗೆ ಬಿಟ್ಟಿದ್ದು. ಗುರುವಾರ ಸಭೆ ಇದೆಯಂತೆ. ಅಲ್ಲಿ ಎದ್ದು ಹೇಳು, ನನ್ನನ್ನ ಇನ್ನೊಂದು ಸಲ ಕೇಳಿ ಅಂತ. ಅಷ್ಟೇ.”

“ನಾನು ಹೇಳಿದ್ರೆ ಸರ್ಕಾರ ಕೇಳುತ್ತಾ?”

“ಸರ್ಕಾರ ಹಾಳಾಗ್ಲಿ. ನಾನು ಕೇಳ್ಬೇಕು. ನಿನ್ನ ಜನರ ಮುಂದೆ ನೀನು ಹೇಳೋದನ್ನ ನಾನು ಕೇಳ್ಬೇಕು, ಕರ್ಟಿಸ್. ಅಡಿಗೆಮನೇಲಿ ಅಲ್ಲ.”

ಅದಕ್ಕೇ ಬಂದಿದ್ದೆ. ಹೇಳಬೇಕಾದ್ದನ್ನು ಇಡೀ ವಾರ ಮೀನು ಕೊಯ್ಯುತ್ತಾ ಬಾಯಿಪಾಠ ಮಾಡಿದ್ದೆ. ‘ನಾನು ಹೊರಗೆ ಅಂತ ಹಾಕಿದವನು. ನನ್ನನ್ನ ಇನ್ನೊಂದು ಸಲ ಕೇಳಿ.’ ಇಷ್ಟೇ. ಯುರ್ಗಾ ಬಾಗಿಲ ಹತ್ತಿರ ಮಗುವಿನ ಗಾಡಿ ಹಿಡಿದು ನಿಂತಿದ್ದಳು.

“ಯಾರಾದ್ರೂ ಮಾತಾಡ್ತೀರಾ?” ಎಂದು ಪಿಯರ್ಸ್ ಕೇಳಿದ. ನಾನು ಎದ್ದೆ. ಮೈಯಲ್ಲಿ ಮೀನಿನ ವಾಸನೆ ಇತ್ತೋ ಏನೋ, ಮುಂದಿನ ಸಾಲಿನವಳು ಕುರ್ಚಿ ಸರಿಸಿಕೊಂಡಳು.

“ನಾನು ಹೊರಗೆ ಅಂತ ಹಾಕಿದವನು,” ಎಂದೆ.

“ಓಹೋ, ಬನ್ನಿ ಬನ್ನಿ!” ಎಂದು ಪಿಯರ್ಸ್ ಆ ಪೆನ್ಸಿಲನ್ನು ನನ್ನ ಕಡೆ ಚಾಚಿದ. “ಹೆದರ್ಬೇಡಿ, ಇದು ಕಚ್ಚಲ್ಲ.”

ಮತ್ತೆ ನಗು. ಕಲಿತಿದ್ದ ಎರಡನೇ ಮಾತು ಎಲ್ಲಿ ಹೋಯಿತೋ ಹೋಯಿತು. ಅಜ್ಜನ ಕೋಟು ಆವತ್ತು ನನ್ನ ಮೈಮೇಲಿತ್ತು. ಅದರ ಜೇಬಿನಲ್ಲಿ ಗಿಡ್ಡ ನೀಲಿ ಪೆನ್ನೊಂದು ಯಾವಾಗಲೂ ಇರುತ್ತದೆ. ತೆಗೆದೆ.

“ಪೆನ್ನು ಹಂಚಿದ ಮುದುಕ ನನ್ನಜ್ಜ ಕಣಯ್ಯಾ. ಅಳಿಸ್ತಾರೆ ಅಂತ ಅವನು ಹೇಳ್ದಾಗ ನಾನೂ ನಕ್ಕಿದ್ದೆ. ಈಗ ನೋಡಿದ್ರೆ ನೀನು ರಬ್ಬರ್ ಹಿಡ್ಕೊಂಡೇ ಊರೂರು ತಿರುಗ್ತಿದೀಯ. ಅವನೇನು ದಡ್ಡನಾ? ನಾವು ಸೋತಾಗ ಯಾವತ್ತಾದ್ರೂ ಇನ್ನೊಂದು ಸಲ ಕೇಳಿದ್ರಾ ನೀವು? ಶಾಲೇಲಿ ಕೇಳಿದ್ರಾ? ಬಂದರು ಮುಚ್ಚಿದಾಗ ಕೇಳಿದ್ರಾ? ಹಾಕಿದ್ದು ಹಾಕಿದ್ದೇ. ಸಾವಿರ ಸಲ ಕೇಳು, ಇದನ್ನೇ ಹಾಕ್ತೀನಿ!”

ಪೆನ್ನನ್ನು ವೇದಿಕೆಗೆ ಎಸೆದೆ. ಅದು ಪಿಯರ್ಸನ ಬೂಟಿಗೆ ತಾಗಿ ಉರುಳಿತು. ಹಿಂದಿನ ಸಾಲಿನಿಂದ ಶೆಡ್ಡಿನ ನನ್ನ ಜೊತೆಗಾರ ಡ್ಯಾರೆಲ್ ಶಿಳ್ಳೆ ಹಾಕಿದ. ಅರ್ಧ ಸಭೆ ಎದ್ದು ಕೂಗಿತು. ಎಷ್ಟು ಹಿತವಾಗಿತ್ತು ಅಂದರೆ, ಒಂದು ಗಳಿಗೆ ನನಗೆ ಬೇರೇನೂ ನೆನಪಾಗಲಿಲ್ಲ. ನೆನಪಾಗಿ ತಿರುಗಿ ನೋಡುವಷ್ಟರಲ್ಲಿ ಯುರ್ಗಾ ಗಾಡಿಯನ್ನು ಬಾಗಿಲಿನಿಂದ ಆಚೆ ತಳ್ಳುತ್ತಿದ್ದಳು. ಚಕ್ರ ಹೊಸ್ತಿಲಿಗೆ ಸಿಕ್ಕಿಕೊಂಡಿತು. ಯಾರೋ ಎತ್ತಿಕೊಟ್ಟರು. ಅವಳು ಅವರಿಗೆ ತಲೆಯಾಡಿಸಿ ಹೋದಳು.

ನಾನು ಹೊರಡಬೇಕೆಂದಿದ್ದೆ, ಅಷ್ಟರಲ್ಲಿ ಅಜ್ಜಿ ನನ್ನ ತೋಳು ಹಿಡಿದು ಎದ್ದಳು. ಮೇವಿಸ್ ಅಜ್ಜಿ ಎಂದರೆ ಬೀದಿಗೆಲ್ಲ ಗೊತ್ತು. ಗದ್ದಲ ತಾನಾಗಿ ಇಳಿಯಿತು.

“ನೋಡಪ್ಪಾ,” ಎಂದಳು ಪಿಯರ್ಸನಿಗೆ. “ವಿಲ್ಫ್ ನನ್ನ ಗಂಡ. ಪೆನ್ಸಿಲ್ ಕಂಡು ಹೆದರ್ತಿರ್ಲಿಲ್ಲ ಅವನು. ಐಸ್‌ಲ್ಯಾಂಡ್ ಕಡೆ ಮೀನು ಹಿಡಿಯೋಕೆ ಹೋದಾಗ, ದೋಣಿ ಮೇಲೆ ಮೊಣಕಾಲುದ್ದ ಹಿಮ ಕೂತ್ರೂ ಹೆದರ್ದೋನಲ್ಲ. ಆ ಸಮುದ್ರನೇ ಲಂಡನ್ನೋರು ಒಂದು ಸಹಿ ಹಾಕಿ ಐಸ್‌ಲ್ಯಾಂಡಿನೋರಿಗೆ ಬಿಟ್ಕೊಟ್ರು. ಬೆಳಿಗ್ಗೆ ಎದ್ರೆ ಇವನಿಗೆ ಕೆಲಸ ಇಲ್ಲ. ಒಂದು ಸಲ ತನ್ನನ್ನೇ ಅಳಿಸಿಹಾಕಿದ್ದನ್ನ ಕಂಡೋನು ಪೆನ್ನು ತರ್ತಾನೆ. ಅದರಲ್ಲಿ ನಗೋದೇನಿದೆ?”

ಪಿಯರ್ಸ್ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡ. ಡ್ಯಾರೆಲ್ ಮತ್ತೆ ಶಿಳ್ಳೆಗೆ ಬಾಯಿ ಸರಿಮಾಡಿಕೊಂಡ. ಅಜ್ಜಿ ಅವನತ್ತ ಕೈ ಎತ್ತಿದಳು.

“ಸುಮ್ನಿರೋ, ಇನ್ನೂ ಮುಗಿದಿಲ್ಲ. ನನಗೂ ಒಂದು ಪೆನ್ನು ಕೊಟ್ಟಿದ್ದ. ಅವನು ಎಲ್ಲಿ ಹೇಳಿದ್ನೋ ಅಲ್ಲೇ ಹಾಕ್ದೆ. ಮದುವೆ ಆದಾಗಿಂದ ಹಾಗೇ ಹಾಕಿದೀನಿ. ಜಗಳ ಯಾಕೆ ಅಂತ. ಅದು ಅವನ ಓಟು, ಎರಡನೇದು. ನನ್ನ ಓಟು ನಾನು ಇನ್ನೂ ಹಾಕಿಲ್ಲ.” ಉಸಿರು ತೆಗೆದುಕೊಂಡಳು. “ಕೇಳಿದ್ರೆ ಹಾಕ್ತೀನಿ. ಯಾವುದಕ್ಕೆ ಅಂತ ನಿಮಗ್ಯಾರಿಗೂ ಹೇಳಲ್ಲ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾವ ಕಡೆಯವರು ತಟ್ಟಬೇಕೆಂದು ಯಾರಿಗೂ ಗೊತ್ತಾಗಲಿಲ್ಲ.

“ಅಜ್ಜೀ...” ಎಂದೆ ನಾನು ಕೂತ ಮೇಲೆ.

“ಅಜ್ಜನ ಪರವಾಗಿ ಕೂಗಿದೆ, ಒಳ್ಳೇದೇ ಮಾಡ್ದೆ ಮಗಾ,” ಎಂದಳು, ನನ್ನ ಮುಖ ನೋಡದೆ. “ಅವನು ಹೋಗಿಬಿಟ್ಟಿದಾನೆ. ಅವನಿಗೆ ಕೇಳಿಸಲ್ಲ. ಕೇಳಿಸ್ಕೊಳ್ಳೋಕೆ ಅಂತ ಬಂದಿದ್ದೋಳು ಎದ್ದು ಹೋದ್ಲು. ಹೋಗು. ಡ್ಯಾರೆಲ್ಲನ ತಾಯಿ ನನ್ನನ್ನ ಮನೆಗೆ ಬಿಡ್ತಾಳೆ.”

ಹೊರಗೆ ಸಮುದ್ರದ ಗಾಳಿ ಮುಖಕ್ಕೆ ಹೊಡೆಯಿತು. ಡ್ಯಾರೆಲ್ ಮತ್ತು ಶೆಡ್ಡಿನ ಇಬ್ಬರು ಮೆಟ್ಟಿಲ ಮೇಲೆ ಸಿಗರೇಟು ಸೇದುತ್ತಿದ್ದರು.

“ಬಾರೋ ಹುಲೀ!” ಎಂದು ಡ್ಯಾರೆಲ್ ಬೆನ್ನಿಗೆ ಗುದ್ದಿದ. “ಆ ಲೋಫರ್ ಮುಖ ನೋಡಿದ್ಯಾ? ರಬ್ಬರ್ ಅಂದಾಗ? ನಿನ್ನಜ್ಜ ಇದ್ದಿದ್ರೆ ಇವತ್ತು ಎಲ್ಲರಿಗೂ ಬಿಯರ್ ಕೊಡಿಸ್ತಿದ್ದ. ಬಾ, ನಾನೇ ಕೊಡಿಸ್ತೀನಿ.”

ಬೀದಿಯ ಆ ತುದಿಯ ಬಸ್ ಸ್ಟಾಪಿನಲ್ಲಿ ಯುರ್ಗಾ ನಿಂತಿದ್ದಳು. ನಮಗೆ ಬೆನ್ನು ಹಾಕಿ, ಗಾಳಿ ತಾಗದಂತೆ ಮಗುವಿನ ಗಾಡಿಗೆ ಅಡ್ಡವಾಗಿ. ಕಾಲಿನಿಂದ ಗಾಡಿಯನ್ನು ಮೆಲ್ಲಗೆ ಹಿಂದೆ ಮುಂದೆ ತೂಗುತ್ತಿದ್ದಳು.

“ಅಲ್ಲಾ, ಅಜ್ಜಿಗೆ ಏನಾಯ್ತೋ?” ಎಂದ ಡ್ಯಾರೆಲ್. “ವಯಸ್ಸಾಯ್ತು, ಪಾಪ. ನೀನಂತೂ ಬದಲಾಗಲ್ಲ ಬಿಡು. ನಾಳೆನೇ ಮತ್ತೆ ಓಟಿಟ್ರೂ ಅದೇ ತಾನೇ?”

ನಾನು ಬಸ್ ಸ್ಟಾಪಿನ ಕಡೆಯೇ ನೋಡುತ್ತಿದ್ದೆ. ಅವನ ನಗು ಸ್ವಲ್ಪ ಇಳಿಯಿತು.

“ಲೇ, ಹೇಳೋ. ಒಳಗೆ ಅಷ್ಟು ಕೂಗ್ದೆ. ಅದೇ ತಾನೇ?”

ಹಿಂದೆ ಹಾಲ್‌ನ ಬಾಗಿಲಲ್ಲಿ ಪಿಯರ್ಸ್ ಬಂದು ನಿಂತಿದ್ದ. ಕೈಯಲ್ಲಿ ಅಜ್ಜನ ಪೆನ್ನಿತ್ತು, ನನಗೆ ಕೊಡಲೆಂದೇ ತಂದಿದ್ದ ಎಂದು ಕಾಣುತ್ತದೆ. ನಾನು ಏನು ಹೇಳುತ್ತೇನೆಂದು ಅವನೂ ಕಾಯುತ್ತಿದ್ದ. ದೂರದಲ್ಲಿ ಬಸ್ಸು ತಿರುವು ಹಾಕಿಕೊಂಡು ಬರುತ್ತಿತ್ತು.

ಪೆನ್ನು ತೆಗೆದುಕೊಳ್ಳಲಿಲ್ಲ. ಡ್ಯಾರೆಲ್ಲನ ಕೈಯನ್ನು ಹೆಗಲಿನಿಂದ ಇಳಿಸಿ, ಮೆಟ್ಟಿಲಿಳಿದು, ಬಸ್ ಸ್ಟಾಪಿನ ಕಡೆ ನಡೆದೆ.