ಪಾಯಿಖಾನೆಯ ಬೀಗದಕೈ

ತಾಯಿಯ ಹೆಣಕ್ಕೆ ಎರಡನೇ ತಂಬಿಗೆ ನೀರು ಹೊಯ್ಯುತ್ತಿದ್ದ ಹೇಮಾವತಿಗೆ, ಜೀಪಿನಿಂದ ಇಳಿಯುತ್ತಿದ್ದ ಸೋದರತ್ತೆ ಕೆರಿಯಮ್ಮ ಕಂಡಳು. ಸಾಗರದಲ್ಲಿ ತಾರಸಿ ಮನೆ ಕಟ್ಟಿಸಿಕೊಂಡವಳು. ಅಂಗಳಕ್ಕೆ ಕಾಲಿಟ್ಟಳೋ ಇಲ್ಲವೋ, ಅತ್ತಿಗೆ ಗುತ್ಯಮ್ಮನನ್ನು ಒಡಹುಟ್ಟಿದವಳ ಹಾಗೆ ನೋಡಿಕೊಂಡೆನೆಂದು ಎದೆ ಬಡಿದುಕೊಂಡಳು. ಹೇಮಾವತಿಗೆ ಮೈಯೆಲ್ಲ ಉರಿಯಿತು. ಸೊಂಟಕ್ಕೆ ಸಿಕ್ಕಿಸಿದ್ದ ಬೀಗದಕೈಯನ್ನು ಮುಟ್ಟಿ ನೋಡಿಕೊಂಡಳು.

*

ಮೂರು ವರ್ಷದ ಹಿಂದೆ ಗುತ್ಯಮ್ಮನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಒಳಗಿನಿಂದಲೇ ರೇಡಿಯೇಶನ್ ಕೊಡುವಾಗ ಕರುಳು ಖಾಲಿಯಿರಬೇಕು, ಇಲ್ಲದಿದ್ದರೆ ಅದೂ ಸುಡುತ್ತದೆ ಎಂದು ನರ್ಸ್ ಭೇದಿಯ ಔಷಧಿ ಕೊಟ್ಟಿದ್ದಳು. ತಮ್ಮೂರು ಬ್ಯಾಕೋಡಿನಿಂದ ಲಾಂಚಿನಲ್ಲಿ ಹಿನ್ನೀರು ದಾಟಿ ಹೋದರೆ ಆಸ್ಪತ್ರೆಗೆ ತಡವಾಗುತ್ತದೆಂದು ಗುತ್ಯಮ್ಮ ಹಿಂದಿನ ದಿನವೇ ನಾದಿನಿ ಕೆರಿಯಮ್ಮನ ಮನೆಗೆ ಹೋದಳು. ಆ ಕಾಯಿಲೆ, ಆ ರೇಡಿಯೇಶನ್ನಿನ ಕರೆಂಟು ಮನೆಮಂದಿಗೆಲ್ಲ ಅಂಟೀತೆಂದು ಕೆರಿಯಮ್ಮ ಪಾಯಿಖಾನೆಗೆ ಬೀಗ ಜಡಿದು ಹಿತ್ತಿಲಾಚೆಯ ಪೊದೆ ತೋರಿಸಿದಳು. ಆಷಾಢದ ಮಳೆ. ಹತ್ತು ಸಲ ಎದ್ದು ಹೋಗುವುದೆಲ್ಲಿಗೆ? ಗುತ್ಯಮ್ಮ ಔಷಧಿಯನ್ನು ತೆಂಗಿನ ಬುಡಕ್ಕೆ ಸುರಿದಳು. ಮರುದಿನ ನರ್ಸ್ ಕೇಳಿದಾಗ ನಾಚಿಕೊಂಡು, ಹೊಟ್ಟೆ ಸ್ವಚ್ಛವಾಗಿದೆ ಎಂದುಬಿಟ್ಟಳು.

ಕ್ಯಾನ್ಸರ್ ಹೋಯಿತು, ಕರುಳು ಸುಟ್ಟಿತು. ಅಲ್ಲಿಂದ ರಕ್ತ ನಿಲ್ಲಲೇ ಇಲ್ಲ. ಹೇಮಾವತಿ ಅಮ್ಮನಿಗೆಂದೇ ಮನೆಗೆ ತಾಗಿಸಿ ಪಾಯಿಖಾನೆ ಕಟ್ಟಿಸಿದಳು. ಆ ಬೀಗದ, ಔಷಧಿ ಚೆಲ್ಲಿದ ಸಂಗತಿಯನ್ನು ಗುತ್ಯಮ್ಮ ಬಾಯಿಬಿಟ್ಟದ್ದು ಮಾತ್ರ ಹೋದ ವಾರ. ಅದೊಂದೇ ಕಾರಣ ಎನ್ನಲಾಗದು, ಎಷ್ಟು ಜೋಪಾನ ಮಾಡಿದರೂ ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ಹೇಮಾವತಿಗೆ ಆ ಮಾತು ಬೇಕಿರಲಿಲ್ಲ. ಹಾವಿನ ದ್ವೇಷ ಹನ್ನೆರಡು ವರ್ಷವಂತೆ. ಇವಳದು ಎಂಟೇ ದಿನದ್ದು, ವಿಷಕ್ಕೇನೂ ಕಮ್ಮಿಯಿರಲಿಲ್ಲ.

*

ಕೆರಿಯಮ್ಮನಿಗೆ ಸಕ್ಕರೆ ಕಾಯಿಲೆ, ಮೇಲೆ ಜೀಪಿನ ಕುಲುಕಾಟ. ಹೇಮಾವತಿಯ ಕಿವಿಯ ಬಳಿ ಬಗ್ಗಿದಳು.

"ಹೇಮಾ, ಬೀಗ ಹಾಕಿದ್ಯಲ್ಲೇ. ಕೀ ಕೊಡು, ತಡೆಯಕ್ಕಾಗ್ತಿಲ್ಲ."

"ಅಮ್ಮನ ಕಾಯ್ಲೆ ಅಂಟತ್ತಲ್ಲ ಅತ್ತೆ. ಹಿತ್ಲಾಚೆ ಪೊದೆ ಇದೆ, ಹೋಗಿ ಬನ್ನಿ."

ಕೆರಿಯಮ್ಮನ ಮುಖ ಕಪ್ಪಿಟ್ಟಿತು. ಪಕ್ಕದ ಮನೆಯ ಪುಷ್ಪಮ್ಮ, ಸಾವಿನ ಮನೆಯಲ್ಲಿ ಹಠ ಬೇಡ, ಕೊಟ್ಟುಬಿಡು ಎಂದಳು. ಹೇಮಾವತಿ ಕೊಡಲಿಲ್ಲ. ಅಮ್ಮನ ಮೈ ತೊಳೆದ ತಂಬಿಗೆಗೇ ನೀರು ತುಂಬಿ ಅತ್ತೆಯ ಕೈಗಿಟ್ಟಳು. ಕೆರಿಯಮ್ಮ ಅಂಗಳದ ತುಂಬ ನಿಂತಿದ್ದ ಗಂಡಸರ ನಡುವೆ ಅದನ್ನು ಹಿಡಿದು ನಡೆದಳು. ನೀರು ಸೀರೆಯ ಮೇಲೆಲ್ಲ ತುಳುಕಿತು.

ಚಟ್ಟ ಮೇಲೆದ್ದಾಗ ಎಲ್ಲರೂ ಗುತ್ಯಮ್ಮನಿಗೆ ಕೈಮುಗಿದರು. ಹೇಮಾವತಿ ಮಾತ್ರ ಹಿತ್ತಿಲಿನ ಕಡೆ ನೋಡುತ್ತಿದ್ದಳು. ಕೆರಿಯಮ್ಮನ ನರೆತ ತಲೆ ಲಂಟಾನದ ಪೊದೆಯ ಮೇಲೊಮ್ಮೆ ಕಂಡು, ಅತ್ತಿತ್ತ ತಿರುಗಿ, ಮೆಲ್ಲಗೆ ಕೆಳಗಿಳಿಯಿತು.